ಈ ಹುಡುಗ ಇನ್ನೂ ಬೆಳೆಯುತ್ತಾನೆಯೇ, ಇಲ್ಲಿಗೇ ನಿಂತನೇ?

ಪ್ರಶ್ನೆ: ನಾನು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕ್ಲಬ್ ಒಂದರ ಆಡಳಿತ ಸಮಿತಿಯಲ್ಲಿದ್ದೇನೆ. ನಮ್ಮಲ್ಲಿ 20 ವರ್ಷದ, 196 ಸೆಂ.ಮೀ. ಎತ್ತರದ ಒಬ್ಬ ಗಾರ್ಡ್ (ಚೆಂಡನ್ನು ಮುಂದಕ್ಕೆ ಒಯ್ದು ಆಟ ಕಟ್ಟುವವನು) ಇದ್ದಾನೆ. ಕಳೆದ ಋತುವಿನಲ್ಲಿ 24 ಪಂದ್ಯ ಆಡಿದ. ಸರಾಸರಿ 14 ನಿಮಿಷ, 6.2 ಅಂಕ, 1.2 ಅಸಿಸ್ಟ್ (ಜತೆಯವರ ಅಂಕಕ್ಕೆ ದಾರಿಯಾದ ಪಾಸ್), 1.1 ಟರ್ನೋವರ್ (ಚೆಂಡು ಎದುರಾಳಿಗೆ ಹೋದ ತಪ್ಪು). ಮೂರು ಅಂಕಗಳ 66 ಎಸೆತಗಳಲ್ಲಿ 25 ಬಿದ್ದವು, 35 ಫ್ರೀ ಥ್ರೋಗಳಲ್ಲಿ 23. ಈ ಋತುವಿನಲ್ಲಿ 30 ಪಂದ್ಯ. 21 ನಿಮಿಷ, 8 ಅಂಕ, 3.1 ಅಸಿಸ್ಟ್, 2.4 ಟರ್ನೋವರ್. ಮೂರು ಅಂಕಗಳ 108 ಎಸೆತಗಳಲ್ಲಿ 31 ಮಾತ್ರ ಬಿದ್ದವು, ಫ್ರೀ ಥ್ರೋ 80ರಲ್ಲಿ 62. ಮಂಡಿಚಿಪ್ಪಿನ ಕೆಳಗಿನ ನೋವಿನಿಂದ ಆರು ಪಂದ್ಯ ಹೊರಗುಳಿದ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಇವನದು ಇಷ್ಟೇ’ ಎಂದು ಕೋಚ್ ಹೇಳುತ್ತಾರೆ. ‘ಯಾನಿಸ್ ಆಂಟೆಟೊಕುಂಪೊ ಕೂಡ ಶುರುವಿನಲ್ಲಿ ಹೀಗೇ ಇದ್ದರು, ಈಗಲೇ ಮೂರು ವರ್ಷಕ್ಕೆ ಕರಾರು ಮಾಡಿಬಿಡೋಣ’ ಎಂದು ಸಮಿತಿಯ ಹಿರಿಯರೊಬ್ಬರು ಪಟ್ಟು ಹಿಡಿದಿದ್ದಾರೆ. ಅವನ ಕರಾರು ಈ ಋತುವಿನ ಕೊನೆಗೆ ಮುಗಿಯುತ್ತದೆ. ಋತುವಿನ ಆರಂಭ, ನಡು ಮತ್ತು ಕೊನೆಯ ಎರಡೆರಡು ಪಂದ್ಯಗಳ ವಿಡಿಯೊ ಕಳುಹಿಸಿದ್ದೇನೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿ, ಆರೂ ಪಂದ್ಯಗಳನ್ನು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಆತಂಕದಲ್ಲಿ ಎರಡು ಭಯಗಳು ಬೆರೆತಿವೆ. ಬೆಳೆಯದ ಆಟಗಾರನ ಮೇಲೆ ಮೂರು ವರ್ಷದ ಹಣ ಸುರಿದುಬಿಟ್ಟರೆ ಎಂಬುದು ಒಂದು. ಬಿಟ್ಟುಕೊಟ್ಟ ಹುಡುಗ ಇನ್ನೆರಡು ವರ್ಷಕ್ಕೆ ಎದುರಾಳಿ ತಂಡದಲ್ಲಿ ಮೆರೆದರೆ ಎಂಬುದು ಮತ್ತೊಂದು. ಎರಡೂ ನ್ಯಾಯವಾದ ಭಯಗಳೇ. ಆಟಗಾರರನ್ನು ಅಳೆಯುವ ಈ ಕೆಲಸದಲ್ಲಿ ಎರಡೂ ತಪ್ಪುಗಳನ್ನು ನಾನು ಮಾಡಿದ್ದೇನೆ. ಕೋಚ್ ಮತ್ತು ಹಿರಿಯ ಸದಸ್ಯರು ಬೇರೆ ಬೇರೆ ತೀರ್ಪು ಕೊಟ್ಟಿದ್ದರೂ ಇಬ್ಬರೂ ಒಂದೇ ಕಡೆ ಎಡವುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಹುಡುಗ ಇಂದು ಎಲ್ಲಿ ನಿಂತಿದ್ದಾನೆ ಎಂಬುದನ್ನು ನೋಡಿ ಇಬ್ಬರೂ ಮಾತನಾಡುತ್ತಿದ್ದಾರೆ; ಅವನು ಯಾವ ಕಡೆಗೆ, ಯಾವ ವೇಗದಲ್ಲಿ ನಡೆಯುತ್ತಿದ್ದಾನೆ ಎಂಬುದನ್ನು ಇಬ್ಬರೂ ನೋಡಿಲ್ಲ.

ಮೊದಲು ಯಾನಿಸ್ ಅವರ ಮಾತನ್ನು ಮುಗಿಸೋಣ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2013ರಲ್ಲಿ ಮಿಲ್ವಾಕಿ ಬಕ್ಸ್ ತಂಡ ಅವರನ್ನು 15ನೆಯವರಾಗಿ ಆರಿಸಿಕೊಂಡಾಗ ಅವರಿಗೆ 18 ವರ್ಷ. ಮೊದಲ ಋತುವಿನಲ್ಲಿ ಅವರ ಸರಾಸರಿ 6.8 ಅಂಕ. ತಂಡ ಸೇರಿದ ಮೇಲೂ ಅವರ ಎತ್ತರ ಬೆಳೆಯಿತು. 2017ರಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರ ಎಂಬ ಪ್ರಶಸ್ತಿ, 2019 ಮತ್ತು 2020ರಲ್ಲಿ ಎಂವಿಪಿ (ಋತುವಿನ ಶ್ರೇಷ್ಠ ಆಟಗಾರ), 2021ರಲ್ಲಿ ಚಾಂಪಿಯನ್‌ಷಿಪ್. ಇದೆಲ್ಲ ನಿಜ. ಆದರೆ ಅದೇ ಡ್ರಾಫ್ಟ್‌ನ ಉಳಿದ ಹೆಸರುಗಳನ್ನೂ ಓದಬೇಕು. ಮೊದಲನೆಯವರಾಗಿ ಆಯ್ಕೆಯಾದ ಆ್ಯಂಥನಿ ಬೆನೆಟ್ ಮೊದಲ ಋತುವಿನಲ್ಲಿ 4.2 ಅಂಕ ಗಳಿಸಿ, ಕೆಲವೇ ವರ್ಷಗಳಲ್ಲಿ ಎನ್‌ಬಿಎಯಿಂದ ಹೊರಬಿದ್ದರು. 27ನೆಯವರಾಗಿ ಬಂದ ರೂಡಿ ಗೋಬೆರ್ ಮೊದಲ ಋತುವಿನಲ್ಲಿ 2.3 ಅಂಕಕ್ಕೆ ನಿಂತಿದ್ದರು. ಮುಂದೆ ನಾಲ್ಕು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರಾದರು. ಮೊದಲ ವರ್ಷ ಬೆನೆಟ್ ಅವರಿಗಿಂತ ಕಡಿಮೆ ಅಂಕ ಗಳಿಸಿದವರು ಗೋಬೆರ್.

ಅದೇ ಪಟ್ಟಿಯಲ್ಲಿ 11ನೆಯ ಹೆಸರು ಮೈಕೆಲ್ ಕಾರ್ಟರ್-ವಿಲಿಯಮ್ಸ್ ಅವರದು. ನಿಮ್ಮ ಪ್ರಶ್ನೆಗೆ ನನಗೆ ತೀರ ಹತ್ತಿರವಾಗಿ ಕಾಣುವುದು ಅವರ ಕತೆ. ಮೊದಲ ಋತುವಿನಲ್ಲೇ 16.7 ಅಂಕ, 6.2 ರಿಬೌಂಡ್ (ಗುರಿ ತಪ್ಪಿದ ಎಸೆತದ ಚೆಂಡನ್ನು ಹಿಡಿದದ್ದು), 6.3 ಅಸಿಸ್ಟ್, ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ. ಆದರೆ ಆ ವರ್ಷ ಅವರ ಫಿಲಡೆಲ್ಫಿಯ ತಂಡ 82ರಲ್ಲಿ 19 ಪಂದ್ಯ ಮಾತ್ರ ಗೆದ್ದಿತ್ತು, ಲೀಗ್‌ನಲ್ಲೇ ಅತಿ ವೇಗದ ಆಟ ಆಡುತ್ತಿತ್ತು, ಮತ್ತು ಚೆಂಡನ್ನು ಬಹುಪಾಲು ಅವರ ಕೈಗೇ ಕೊಟ್ಟಿತ್ತು. ವೇಗ ಹೆಚ್ಚಿದಷ್ಟೂ ಪ್ರತಿ ಪಂದ್ಯದಲ್ಲಿ ಚೆಂಡು ಸಿಗುವ ಸರದಿಗಳು ಹೆಚ್ಚುತ್ತವೆ. ಸರದಿ ಹೆಚ್ಚಿದಷ್ಟೂ ಅಂಕಿಗಳು ಉಬ್ಬುತ್ತವೆ. ಅವರ ಮೂರು ಅಂಕಗಳ ಎಸೆತ ಬೀಳುತ್ತಿದ್ದುದು ಶೇ 26ರಷ್ಟು ಮಾತ್ರ. 2015ರ ಫೆಬ್ರವರಿಯಲ್ಲಿ ಆ ತಂಡವೇ ಅವರನ್ನು ಬಿಟ್ಟುಕೊಟ್ಟಿತು, ಅದೂ ಮಿಲ್ವಾಕಿಗೆ. ಹೀಗೆ 6.8 ಅಂಕದಿಂದ ಶುರು ಮಾಡಿದವರೂ 16.7 ಅಂಕದಿಂದ ಶುರು ಮಾಡಿದವರೂ ಒಂದೇ ತಂಡದಲ್ಲಿ ಸೇರಿದರು. ಮುಂದೆ ಎಂವಿಪಿಯ ಎತ್ತರಕ್ಕೆ ತಲುಪಿದವರು 6.8 ಅಂಕದಿಂದ ಶುರು ಮಾಡಿದವರು.

ನಿಮ್ಮ ಹಿರಿಯ ಸದಸ್ಯರಿಗೆ ನನ್ನ ಗೌರವಪೂರ್ವಕ ಉತ್ತರ ಇದು: ಗೆದ್ದವರ ಆರಂಭ ಮಾತ್ರ ನಮ್ಮ ನೆನಪಿನಲ್ಲಿ ಉಳಿಯುತ್ತದೆ. 6 ಅಂಕದಿಂದ ಶುರುಮಾಡಿ 6 ಅಂಕದಲ್ಲೇ ಮುಗಿದವರು ಯಾರ ಬಾಯಲ್ಲೂ ಬರುವುದಿಲ್ಲ, ಅಂಥವರೇ ಬಹಳ ಮಂದಿ. ಒಬ್ಬ ಯಾನಿಸ್ ಹಾಗೆ ಬೆಳೆದರು ಎಂಬುದು ಬೆಳೆಯುವುದು ಸಾಧ್ಯ ಎಂದು ತೋರಿಸುತ್ತದೆಯೇ ಹೊರತು ನಿಮ್ಮ ಹುಡುಗನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇನ್ನು ಕೋಚ್ ಅವರ ಮಾತು. ಎಸೆತ ಶೇ 38ರಿಂದ ಶೇ 29ಕ್ಕೆ ಕುಸಿದಿದೆ, ಟರ್ನೋವರ್ ಎರಡು ಪಟ್ಟಾಗಿದೆ, ಹಾಗಾಗಿ ಬೆಳವಣಿಗೆ ನಿಂತಿದೆ ಎಂಬುದು ಅವರ ವಾದ. ಲೆಕ್ಕ ಹಾಕಿ ನೋಡೋಣ. 66 ಎಸೆತ, 108 ಎಸೆತ ಎಂದರೆ ಬಹಳ ಸಣ್ಣ ಸಂಖ್ಯೆಗಳು. ಎರಡೂ ಋತು ಸೇರಿಸಿದರೆ 174ರಲ್ಲಿ 56, ಅಂದರೆ ಶೇ 32. ನಿಜವಾದ ಸಾಮರ್ಥ್ಯ ಎರಡು ವರ್ಷವೂ ಶೇ 32ರಲ್ಲೇ ಇರುವ ಒಬ್ಬ ಆಟಗಾರನಲ್ಲಿ ಕೂಡ, ಬರಿಯ ಅದೃಷ್ಟದ ಏರಿಳಿತದಿಂದಲೇ ಎರಡು ಋತುಗಳ ನಡುವೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಐದರಲ್ಲಿ ಒಂದು ಸಲ ಬರುತ್ತದೆ. ಆದ್ದರಿಂದ ಕಳೆದ ವರ್ಷ ಅವನು ಶೇ 38ರ ಎಸೆತಗಾರನಾಗಿದ್ದ ಎಂದು ನಂಬಿದ್ದೂ ಆತುರ, ಈ ವರ್ಷ ಕೆಟ್ಟುಹೋದ ಎಂದು ಹೇಳುವುದೂ ಆತುರ.

ಜತೆಗೆ ಎಸೆತಗಳ ಬಗೆಯೂ ಬದಲಾಗಿದೆ. ಕಳೆದ ಋತುವಿನ ಪಂದ್ಯಗಳನ್ನು ನೀವು ಕಳುಹಿಸಿಲ್ಲ, ಆದರೆ 14 ನಿಮಿಷ ಆಡುವ, ಪಂದ್ಯಕ್ಕೆ ಒಂದೇ ಅಸಿಸ್ಟ್ ಮಾಡುವ ಹುಡುಗನಿಗೆ ಬರುವುದು ಹೆಚ್ಚಾಗಿ ಮೂಲೆಯಲ್ಲಿ ನಿಂತು, ಇನ್ನೊಬ್ಬರು ಕೊಟ್ಟ ಪಾಸ್ ಹಿಡಿದು ಎಸೆಯುವ ಅವಕಾಶ. ಈ ಋತುವಿನ ಆರು ಪಂದ್ಯಗಳಲ್ಲಿ ನಾನು ಎಣಿಸಿದಂತೆ ಅರ್ಧಕ್ಕಿಂತ ಹೆಚ್ಚು ಎಸೆತಗಳನ್ನು ಅವನು ತಾನೇ ಡ್ರಿಬಲ್ ಮಾಡಿಕೊಂಡು ಬಂದು ಎಸೆದಿದ್ದಾನೆ. ಅಂಥ ಎಸೆತ ಯಾರಿಗಾದರೂ ಕಷ್ಟವೇ.

ಎಸೆತದ ಕೈ ಹೇಗಿದೆ ಎಂಬುದಕ್ಕೆ ಈ ವಯಸ್ಸಿನಲ್ಲಿ ನಾನು ಮೊದಲು ನೋಡುವುದು ಫ್ರೀ ಥ್ರೋ. ಅಡ್ಡಿಪಡಿಸುವವರಿಲ್ಲದೆ, ಒಂದೇ ದೂರದಿಂದ, ತನ್ನದೇ ಸಮಯದಲ್ಲಿ ಎಸೆಯುವಾಗ ಕೈಯ ನಿಜಗುಣ ಕಾಣುತ್ತದೆ. 2017ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಮಾರ್ಕೆಲ್ ಫುಲ್ಟ್ಸ್ ಕಾಲೇಜಿನಲ್ಲಿ ಮೂರು ಅಂಕಗಳ ಎಸೆತಗಳಲ್ಲಿ ಶೇ 41.3 ಯಶಸ್ಸು ಕಂಡಿದ್ದರು, ಆದರೆ ಫ್ರೀ ಥ್ರೋದಲ್ಲಿ ಶೇ 64.9. ಮೊದಲ ಅಂಕಿಯನ್ನು ಎಲ್ಲರೂ ನೋಡಿದರು, ಎರಡನೆಯದು ಕೊಟ್ಟ ಎಚ್ಚರಿಕೆಯನ್ನು ನೋಡಿದವರು ಕಡಿಮೆ. ಮುಂದೆ ಅವರ ಭುಜ ಮತ್ತು ಕತ್ತಿನ ನಡುವಿನ ನರಗಳ ಮೇಲೆ ಒತ್ತಡ ಬೀಳುವ ತೊಂದರೆ ಪತ್ತೆಯಾದ್ದರಿಂದ ಎಲ್ಲ ಹೊಣೆಯನ್ನೂ ಆ ಒಂದು ಅಂಕಿಯ ಮೇಲೆ ಹಾಕುವುದು ಅನ್ಯಾಯವಾದೀತು. ಆದರೂ ಎರಡು ಅಂಕಿಗಳು ಒಂದನ್ನೊಂದು ಒಪ್ಪದಿದ್ದಾಗ ಫ್ರೀ ಥ್ರೋದ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನಿಮ್ಮ ಹುಡುಗನದು ಶೇ 66ರಿಂದ ಶೇ 78ರ ಹತ್ತಿರಕ್ಕೆ ಏರಿದೆ. ಇದೂ ಸಣ್ಣ ಸಂಖ್ಯೆಯೇ, ಇದರಲ್ಲೂ ಅದೃಷ್ಟದ ಪಾಲಿದ್ದೀತು. ಆದರೆ ವಿಡಿಯೊದಲ್ಲಿ ಅದಕ್ಕೊಂದು ಕಾರಣ ಕಾಣುತ್ತದೆ. ಆರಂಭದ ಪಂದ್ಯಗಳಲ್ಲಿ ಚೆಂಡು ಕೈಬಿಡುವ ಹೊತ್ತಿಗೆ ಅವನ ಎಡಗೈ ಹೆಬ್ಬೆರಳು ಚೆಂಡನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಕೊನೆಯ ಎರಡು ಪಂದ್ಯಗಳಲ್ಲಿ ಆ ಕೈ ಚೆಂಡಿನ ಪಕ್ಕದಲ್ಲಿ ಸುಮ್ಮನೆ ನಿಂತಿದೆ. ಇದನ್ನು ಯಾರೋ ಹೇಳಿಕೊಟ್ಟಿದ್ದಾರೆ, ಅವನು ಕಲಿತಿದ್ದಾನೆ.

ಟರ್ನೋವರ್ ವಿಷಯದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಅಲ್ಲೇ ಇದೆ. ಪೂರ್ತಿ ಪಂದ್ಯದ 40 ನಿಮಿಷಕ್ಕೆ ಲೆಕ್ಕ ಹಾಕಿದರೆ ಟರ್ನೋವರ್ 3.1ರಿಂದ 4.6ಕ್ಕೆ ಏರಿದೆ, ಅಸಿಸ್ಟ್ 3.4ರಿಂದ 5.9ಕ್ಕೆ. ಅಂದರೆ ತಪ್ಪಿಗಿಂತ ಸರಿಯಾದದ್ದು ಹೆಚ್ಚು ವೇಗವಾಗಿ ಏರಿದೆ. ಆದರೆ ಈ ಅಂಕಿಗಿಂತ ಮುಖ್ಯವಾದದ್ದು ತಪ್ಪುಗಳ ಜಾತಿ. ಆರಂಭದ ಎರಡು ಪಂದ್ಯಗಳಲ್ಲಿ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಜತೆಗಾರ) ಬಂದು ಸ್ಕ್ರೀನ್ ಕೊಟ್ಟ, ಅಂದರೆ ಇವನನ್ನು ಕಾಯುವವನಿಗೆ ಅಡ್ಡ ನಿಂತ ಕೂಡಲೇ ಇವನು ಗಾಬರಿಯಿಂದ ಡ್ರಿಬಲ್ ನಿಲ್ಲಿಸುತ್ತಾನೆ, ಎರಡೂ ಕೈಯಲ್ಲಿ ಚೆಂಡನ್ನು ತಲೆಯ ಮೇಲೆತ್ತುತ್ತಾನೆ, ಅಂಗಳದ ಆಚೆ ಬದಿಗೆ ಉದ್ದನೆಯ ಪಾಸ್ ಎಸೆಯುತ್ತಾನೆ. ಎದುರಾಳಿ ಅದನ್ನು ನಡುವೆಯೇ ಕಸಿದುಕೊಂಡು ಓಡುತ್ತಾನೆ. ಅದು ನೋಡದೆ ಮಾಡಿದ ತಪ್ಪು. ಕೊನೆಯ ಎರಡು ಪಂದ್ಯಗಳಲ್ಲಿ ಅದೇ ಸ್ಕ್ರೀನ್ ದಾಟಿದ ಮೇಲೆ ಇವನು ವೇಗ ತಗ್ಗಿಸುತ್ತಾನೆ, ತನ್ನನ್ನು ಕಾಯುತ್ತಿರುವವನನ್ನು ಬೆನ್ನ ಹಿಂದೆಯೇ ಉಳಿಸಿಕೊಳ್ಳುತ್ತಾನೆ, ಎದುರಿನ ಎತ್ತರದ ಆಟಗಾರ ಒಂದು ಹೆಜ್ಜೆ ಮುಂದೆ ಬರುವವರೆಗೆ ಕಾಯುತ್ತಾನೆ, ಆಮೇಲೆ ನೆಲಕ್ಕೆ ಪುಟಿಸಿ ಪಾಸ್ ಕೊಡುತ್ತಾನೆ. ಆ ಪಾಸ್ ಎರಡು ಸಲ ಸೆಂಟರ್‌ನ ಮೊಣಕಾಲಿಗೆ ಬಡಿದು ಹೊರಗೆ ಹೋಯಿತು. ಅಂಕಪಟ್ಟಿಯಲ್ಲಿ ಅದೂ ಟರ್ನೋವರ್ ಎಂದೇ ಬರೆದಿರುತ್ತಾರೆ. ಆದರೆ ಅದು ಸರಿಯಾಗಿ ನೋಡಿ, ಸರಿಯಾಗಿ ತೀರ್ಮಾನಿಸಿ, ಕೈಯಲ್ಲಿ ಮಾತ್ರ ಎಡವಿದ ತಪ್ಪು. ಕೈಯ ತಪ್ಪನ್ನು ಅಭ್ಯಾಸ ತಿದ್ದುತ್ತದೆ. ಕಣ್ಣಿನ ತಪ್ಪನ್ನು ತಿದ್ದುವುದು ಬಹಳ ಕಷ್ಟ, ನಿಮ್ಮ ಹುಡುಗ ಅದನ್ನು ಒಂದೇ ಋತುವಿನಲ್ಲಿ ಬಹುಪಾಲು ತಿದ್ದಿಕೊಂಡಿದ್ದಾನೆ.

‘ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣು’ ಎನ್ನುವುದು ಸರಿಯಾದ ಮಾತೇ. ಮೊಳಕೆಯಲ್ಲಿ ಏನನ್ನು ಕಾಣಬೇಕು ಎಂಬುದರಲ್ಲಿ ನಾವು ತಪ್ಪುತ್ತೇವೆ. ಅಂಕಗಳ ಸರಾಸರಿ, ನೆಗೆತದ ಎತ್ತರ, ಒಂದು ಅದ್ಭುತ ಡಂಕ್, ಇವು ಮೊದಲು ಕಣ್ಣಿಗೆ ಬೀಳುತ್ತವೆ. ನಾನು ನೋಡುವುದು ಒಂದೇ ತಪ್ಪು ಮೂರು ತಿಂಗಳ ಮೇಲೂ ಅದೇ ರೂಪದಲ್ಲಿ ಉಳಿದಿದೆಯೇ ಎಂಬುದನ್ನು. ಪಂದ್ಯಕ್ಕೆ 2.4ರಂತೆ ಈ ಋತುವಿನಲ್ಲಿ ಅವನು ಸುಮಾರು 72 ಟರ್ನೋವರ್ ಮಾಡಿದ್ದಾನೆ. ಪ್ರತಿಯೊಂದಕ್ಕೂ 20 ಸೆಕೆಂಡಿನ ತುಣುಕು ಕತ್ತರಿಸಿದರೆ ಒಟ್ಟು 24 ನಿಮಿಷ. ಕೋಚ್ ಜತೆ ಕುಳಿತು ದಿನಾಂಕದ ಕ್ರಮದಲ್ಲಿ ಅಷ್ಟನ್ನೂ ಒಮ್ಮೆ ನೋಡಿ. ನಾನು ನೋಡಿದ್ದು ಆರು ಪಂದ್ಯ ಮಾತ್ರ. ನನ್ನ ಎಣಿಕೆ ತಪ್ಪಿದ್ದರೆ ಅಲ್ಲಿ ಗೊತ್ತಾಗುತ್ತದೆ.

ದುರ್ಬಲ ಜಾಗವನ್ನೂ ಮುಚ್ಚಿಡದೆ ಹೇಳಬೇಕು. ರಕ್ಷಣೆಯಲ್ಲಿ, ಚೆಂಡು ಆಚೆ ಬದಿಯಲ್ಲಿದ್ದಾಗ ಅವನು ಚೆಂಡನ್ನೇ ನೋಡುತ್ತ ನಿಲ್ಲುತ್ತಾನೆ, ತಾನು ಕಾಯಬೇಕಾದವನು ಬೆನ್ನ ಹಿಂದಿನಿಂದ ಒಳಕ್ಕೆ ಓಡಿದ್ದು ಗೊತ್ತೇ ಆಗುವುದಿಲ್ಲ. ಮೊದಲ ಪಂದ್ಯದಲ್ಲೂ ಹಾಗೆಯೇ ಆಯಿತು, ಆರನೆಯ ಪಂದ್ಯದಲ್ಲೂ. ಇದು ಬದಲಾಗದೆ ಉಳಿದ ತಪ್ಪು, ನನಗೆ ಚಿಂತೆ ಹುಟ್ಟಿಸುವುದು ಇದೊಂದೇ. ಕೋಚ್ ಇದನ್ನು ಎತ್ತಿ ಆಡಿದ್ದರೆ ಅವರ ಮಾತನ್ನು ನಾನು ಅರ್ಧ ಒಪ್ಪುತ್ತಿದ್ದೆ.

ವಯಸ್ಸಿನ ಬಗ್ಗೆ ಎರಡು ಮಾತು. ಬ್ಯಾಸ್ಕೆಟ್‌ಬಾಲ್ ಆಟಗಾರರು ಸಾಮಾನ್ಯವಾಗಿ 25ರಿಂದ 29ರ ನಡುವೆ ತಮ್ಮ ಶಿಖರ ಮುಟ್ಟುತ್ತಾರೆ. ದೊಡ್ಡವರ ಲೀಗ್‌ನಲ್ಲಿ 20ರ ಹುಡುಗ ಗಳಿಸಿದ 8 ಅಂಕವೂ 24ರವನು ಗಳಿಸಿದ 8 ಅಂಕವೂ ಒಂದೇ ಅಲ್ಲ. ಆದರೆ ವಯಸ್ಸು ತಾನಾಗಿ ಬೆಳೆಸುವುದು ಮೈಕಟ್ಟನ್ನು ಮಾತ್ರ. ಕಣ್ಣು, ಕೈ, ತಾಳ್ಮೆ ಬೆಳೆಯಲು ಕಲಿಸುವವರು ಬೇಕು, ಆಡುವ ನಿಮಿಷಗಳು ಬೇಕು.

ಯಾರೂ ಸಾಮಾನ್ಯವಾಗಿ ಕೇಳದ ಪ್ರಶ್ನೆಗೆ ಇದು ನಮ್ಮನ್ನು ತಂದು ನಿಲ್ಲಿಸುತ್ತದೆ. ಹುಡುಗನಲ್ಲಿ ಎಷ್ಟಿದೆ ಎಂದು ಕೇಳುವವರು, ನಮ್ಮ ಕ್ಲಬ್‌ಗೆ ಕಲಿಸಲು ಎಷ್ಟು ಬರುತ್ತದೆ ಎಂದೂ ಕೇಳಬೇಕು. ಕವಾಯ್ ಲೆನರ್ಡ್ ಕಾಲೇಜಿನ ಕೊನೆಯ ವರ್ಷ ಮೂರು ಅಂಕಗಳ ಎಸೆತದಲ್ಲಿ ಶೇ 29.1ರಲ್ಲಿದ್ದರು. 2011ರ ಡ್ರಾಫ್ಟ್ ರಾತ್ರಿ ಅವರನ್ನು ಪಡೆದ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದಲ್ಲಿ ಚಿಪ್ ಎಂಗೆಲಂಡ್ ಎಂಬ, ಎಸೆತ ಕಲಿಸುವುದರಲ್ಲೇ ಪಳಗಿದ ಕೋಚ್ ಇದ್ದರು. ಎನ್‌ಬಿಎಯ ಮೂರು ಅಂಕಗಳ ಗೆರೆ ಕಾಲೇಜಿನ ಗೆರೆಗಿಂತ ದೂರದಲ್ಲಿದ್ದರೂ ಲೆನರ್ಡ್ ಮೊದಲ ಋತುವಿನಲ್ಲೇ ಶೇ 37.6ಕ್ಕೆ ಏರಿದರು, 2014ರಲ್ಲಿ ಫೈನಲ್ಸ್‌ನ ಶ್ರೇಷ್ಠ ಆಟಗಾರರಾದರು. ಇನ್ನೊಂದು ಬದಿಯಲ್ಲಿ ಜರ್ಮೇನ್ ಓನೀಲ್ ಇದ್ದಾರೆ. 1996ರಲ್ಲಿ ಶಾಲೆಯಿಂದ ನೇರವಾಗಿ ಪೋರ್ಟ್‌ಲ್ಯಾಂಡ್ ಸೇರಿ, ಅನುಭವಿಗಳೇ ತುಂಬಿದ್ದ ತಂಡದಲ್ಲಿ ನಾಲ್ಕು ವರ್ಷ ಬಹುಪಾಲು ಬೆಂಚಿನ ಮೇಲೆ ಕುಳಿತರು. 2000ದಲ್ಲಿ ಇಂಡಿಯಾನಾಕ್ಕೆ ಹೋದ ಮೇಲೆ, 2002ರಿಂದ 2007ರವರೆಗೆ ಸತತ ಆರು ವರ್ಷ ಆಲ್‌ಸ್ಟಾರ್ (ಲೀಗ್‌ನ ತಾರೆಯರ ಪಂದ್ಯಕ್ಕೆ ಆಯ್ಕೆ). ಮನುಷ್ಯ ಅವನೇ, ಮಣ್ಣು ಬೇರೆ.

ನನ್ನ ತಪ್ಪೊಂದನ್ನು ಇಲ್ಲಿಯೇ ಹೇಳಬೇಕು. ಹಲವು ವರ್ಷಗಳ ಹಿಂದೆ 19ರ ಹುಡುಗನೊಬ್ಬನನ್ನು, ಕಾಲು ನಿಧಾನ ಎಂಬ ಕಾರಣಕ್ಕೆ, ಬಿಟ್ಟುಬಿಡಿ ಎಂದು ಒಂದು ಕ್ಲಬ್‌ಗೆ ಸಲಹೆ ಕೊಟ್ಟೆ. ಅವನ ಪಂದ್ಯಗಳನ್ನು ನೋಡಿದ್ದೆ, ಒಂದು ದಿನವೂ ಅಭ್ಯಾಸಕ್ಕೆ ಹೋಗಿರಲಿಲ್ಲ. ನಾಲ್ಕು ವರ್ಷದ ಮೇಲೆ ಅವನು ಬೇರೆ ತಂಡದ ಮುಖ್ಯ ಪಾಯಿಂಟ್ ಗಾರ್ಡ್ ಆಗಿದ್ದ, ಕಾಲು ಆಗಲೂ ನಿಧಾನವೇ. ಹೇಳಿಕೊಟ್ಟದ್ದನ್ನು ಮರುದಿನವೇ ಆಟದಲ್ಲಿ ತೋರಿಸುವ ಗುಣ ಅವನಲ್ಲಿತ್ತು ಎಂದು ಅವನ ಹಳೆಯ ಕೋಚ್ ಆಮೇಲೆ ಹೇಳಿದರು. ನಾನು ಕೇಳಿದ್ದರೆ ಅಂದೇ ಹೇಳುತ್ತಿದ್ದರು. ಆ ಬಳಿಕ ಕನಿಷ್ಠ ಮೂರು ಅಭ್ಯಾಸಗಳನ್ನು ನೋಡದೆ ನಾನು ಯಾರ ಬಗ್ಗೆಯೂ ಕೊನೆಯ ಮಾತು ಹೇಳುವುದಿಲ್ಲ. ನಿಮ್ಮ ಹುಡುಗನ ಅಭ್ಯಾಸವನ್ನು ನಾನು ನೋಡಿಲ್ಲ, ಆ ಕೊರತೆಯನ್ನು ಲೆಕ್ಕಕ್ಕಿಟ್ಟುಕೊಂಡೇ ಇದನ್ನು ಓದಿ.

ಮಂಡಿಯ ವಿಷಯ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ನೋವು ನೆಗೆಯುವ ಆಟಗಾರರಲ್ಲಿ ಬಹಳ ಸಾಮಾನ್ಯ. ಆಟದ ಹೊರೆ ಒಮ್ಮೆಲೇ ಏರಿದಾಗ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. 14 ನಿಮಿಷದಿಂದ 21 ನಿಮಿಷಕ್ಕೆ ಏರಿದ ವರ್ಷವೇ ಅದು ಬಂದಿರುವುದು ಅಚ್ಚರಿಯಲ್ಲ. ಹೊರೆಯನ್ನು ಹಂತ ಹಂತವಾಗಿ ಏರಿಸಿ, ತೊಡೆಯ ಸ್ನಾಯುಗಳಿಗೆ ತೂಕದ ವ್ಯಾಯಾಮ ಮಾಡಿಸಿದರೆ ಬಹುತೇಕ ಹತೋಟಿಗೆ ಬರುತ್ತದೆ. ಆದರೆ ನೋವು ನುಂಗಿಕೊಂಡು ಆಡಿಸಿದರೆ ವರ್ಷಗಟ್ಟಲೆ ಕಾಡುತ್ತದೆ. ಸಹಿಗೆ ಮೊದಲು, ಅವನ ಒಪ್ಪಿಗೆ ಪಡೆದು, ಕ್ಲಬ್‌ಗೆ ಸಂಬಂಧಪಡದ ಕ್ರೀಡಾ ವೈದ್ಯರಿಂದ ತಪಾಸಣೆ ಮಾಡಿಸಿ. ಗಾಯದ ಹಿನ್ನೆಲೆ ಕಂಡ ಕೂಡಲೇ ಓಡಿಹೋಗಬೇಕಾಗಿಲ್ಲ. ಕಣಕಾಲಿನ ತೊಂದರೆಯಿಂದ 2011–12ರಲ್ಲಿ 26 ಪಂದ್ಯ ಮಾತ್ರ ಆಡಿದ್ದ ಸ್ಟೀಫನ್ ಕರಿ ಅವರೊಂದಿಗೆ ಗೋಲ್ಡನ್ ಸ್ಟೇಟ್ ತಂಡ 2012ರಲ್ಲಿ ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್‌ಗಳ ಕರಾರು ಮಾಡಿಕೊಂಡಿತು. ಆ ಕರಾರು ನಡೆಯುತ್ತಿರುವಾಗಲೇ ಅವರು 2015 ಮತ್ತು 2016ರಲ್ಲಿ ಎಂವಿಪಿ ಆದರು. ಇದಕ್ಕೆ ವಿರುದ್ಧವಾಗಿ, 2011ರಲ್ಲಿ 22ರ ವಯಸ್ಸಿಗೇ ಎಂವಿಪಿ ಆದ ಡೆರಿಕ್ ರೋಸ್ 2012ರ ಏಪ್ರಿಲ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡ ಮೇಲೆ ಆ ಎತ್ತರಕ್ಕೆ ಮತ್ತೆ ಮರಳಲಿಲ್ಲ. ವೈದ್ಯರು ನಿಮಗೆ ಈಗಿನ ಸ್ಥಿತಿಯನ್ನು ಹೇಳಬಲ್ಲರು, ಮುಂದಿನದನ್ನಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಅವನನ್ನು ಬಿಟ್ಟುಬಿಡುವುದನ್ನು ನಾನು ಒಪ್ಪುವುದಿಲ್ಲ, ಕಾರಣಗಳನ್ನು ಮೇಲೆ ಹೇಳಿದ್ದೇನೆ. ಕೆಳ ಹಂತದ ಲೀಗ್‌ಗೆ ಒಂದು ವರ್ಷ ಲೋನ್ ಮೇಲೆ ಕಳುಹಿಸಿದರೆ 30 ನಿಮಿಷ ಆಡಲು ಸಿಗುತ್ತದೆ ನಿಜ, ಆದರೆ ಅಲ್ಲಿನ ನಿಧಾನ ರಕ್ಷಣೆಯ ಎದುರು ಆರಂಭದ ಆ ಉದ್ದನೆಯ ಪಾಸ್‌ಗಳೂ ಸಲೀಸಾಗಿ ತಲುಪುತ್ತವೆ, ತಿದ್ದಿಕೊಂಡ ತಪ್ಪು ಮತ್ತೆ ಚಿಗುರುತ್ತದೆ. 21 ನಿಮಿಷ ಆಡುತ್ತಿರುವವನಿಗೆ ಇದು ಬೇಕಿಲ್ಲ. ಒಂದೇ ವರ್ಷಕ್ಕೆ ಕರಾರು ಮುಂದುವರಿಸುವುದು ಮೇಲ್ನೋಟಕ್ಕೆ ಸುರಕ್ಷಿತ. ಆದರೆ ಅಂಥ ಕರಾರಿನ ಹುಡುಗ ಮುಂದಿನ ಕರಾರಿಗಾಗಿ ಅಂಕ ಗಳಿಸಲು ಆಡುತ್ತಾನೆ, ಕಲಿಯಲು ಆಡುವುದಿಲ್ಲ. ಅವನು ಅರಳಿದರೆ ಮರುವರ್ಷ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಿರಿಯರು ಹೇಳುವ ಮೂರು ವರ್ಷದ ಪೂರ್ತಿ ಖಾತ್ರಿಯ ಕರಾರಿನಲ್ಲಿ ಮಂಡಿ ಕೈಕೊಟ್ಟರೆ ಇಡೀ ನಷ್ಟ ನಿಮ್ಮದೇ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ನನ್ನ ಸಲಹೆ ಇವುಗಳ ನಡುವಿನದು. ಎರಡು ವರ್ಷ ಖಾತ್ರಿ, ಮೂರನೆಯ ವರ್ಷ ಕ್ಲಬ್‌ನ ಆಯ್ಕೆ. ಎನ್‌ಬಿಎ ತನ್ನ ಡ್ರಾಫ್ಟ್‌ನ ಮೊದಲ ಸುತ್ತಿನ ಹೊಸ ಆಟಗಾರರಿಗೆ ಅನುಸರಿಸುವ ಕ್ರಮವೂ ಇದಕ್ಕೆ ಹತ್ತಿರವಾದದ್ದೇ: ಎರಡು ವರ್ಷ ಖಾತ್ರಿ, ಮೂರು ಮತ್ತು ನಾಲ್ಕನೆಯ ವರ್ಷ ತಂಡದ ಇಚ್ಛೆ. ಆಯ್ಕೆ ನಿಮ್ಮ ಕೈಯಲ್ಲಿರುವುದರಿಂದ ಮೂರನೆಯ ವರ್ಷದ ಸಂಬಳವನ್ನು ಇಂದಿನ ಬೆಲೆಗಿಂತ ಸಾಕಷ್ಟು ಮೇಲೆ ಇಡಿ, ಇಲ್ಲವಾದರೆ ಅವನ ಏಜೆಂಟ್ ಒಪ್ಪಲಾರರು, ಒಪ್ಪಲೂಬಾರದು. ಇದರಲ್ಲೂ ಅಪಾಯವಿದೆ: ಎರಡನೆಯ ವರ್ಷವೇ ಅವನು ಮಿಂಚಿದರೆ ದೊಡ್ಡ ಕ್ಲಬ್‌ಗಳು ಬಾಗಿಲು ಬಡಿಯುತ್ತವೆ, ಕರಾರಿನಿಂದ ಬಿಡಿಸಿಕೊಳ್ಳುವ ಮೊತ್ತವನ್ನು ಈಗಲೇ ಬರೆದಿಟ್ಟಿರದಿದ್ದರೆ ಜಗಳ ಖಚಿತ.

ಸಹಿಗೆ ಮೊದಲು ಕೋಚ್ ಅವರನ್ನು ಒಂದು ಪ್ರಶ್ನೆ ಕೇಳಿ: ಋತುವಿನ ಬಿಡುವಿನಲ್ಲಿ ಈ ಹುಡುಗನ ಕೈಯಲ್ಲಿ ಏನೇನು ಅಭ್ಯಾಸ ಮಾಡಿಸುತ್ತೀರಿ, ಯಾರು ಮಾಡಿಸುತ್ತಾರೆ, ವಾರಕ್ಕೆ ಎಷ್ಟು ದಿನ? ಚೆಂಡಿಲ್ಲದ ಕಡೆಯ ರಕ್ಷಣೆ, ಓಡುತ್ತ ಕೊಡುವ ಪಾಸ್, ತೊಡೆಯ ವ್ಯಾಯಾಮ, ಈ ಮೂರಕ್ಕೂ ಅವರ ಬಳಿ ಸ್ಪಷ್ಟ ಉತ್ತರ ಇದ್ದರೆ ಕರಾರು ಮಾಡಿ. ಇಲ್ಲದಿದ್ದರೆ ಮೊದಲು ಅಂಥ ಸಹಾಯಕ ಕೋಚ್ ಒಬ್ಬರನ್ನು ಹುಡುಕಿ, ಆಮೇಲೆ ಸಹಿ ಹಾಕಿ. ಸಮಿತಿಯ ತೀರ್ಮಾನ ಏನೇ ಆಗಲಿ, ಅದನ್ನು ಹುಡುಗನಿಗೆ ಏಜೆಂಟ್ ಮೂಲಕ ತಿಳಿಸಬೇಡಿ. ಎದುರು ಕೂರಿಸಿಕೊಂಡು ನೀವೇ ಹೇಳಿ, ಆ ಪುಟಿಸಿದ ಪಾಸ್‌ಗಳನ್ನು ನೀವು ಗಮನಿಸಿದ್ದೀರಿ ಎಂಬುದನ್ನೂ ಸೇರಿಸಿ.